ಹುಬ್ಬಳ್ಳಿಗೆ ಒಂದೇ ಗಂಟೆ

ಗಂಡಂದಿರ ಚಟಗಳ ಬಗ್ಗೆ ಹೆಂಡಂದಿರು ದೂರು ಹೇಳಿಕೊಳ್ಳುವುದು ಹೊಸದೇನಲ್ಲ. ಇಸ್ಪೀಟು, ಸಿಗರೇಟು, ಕ್ರಿಕೆಟ್ಟು ಇವಕ್ಕೆಲ್ಲ ಸಮಾಜದಲ್ಲಿ ಒಂದು ಸ್ಥಾನವಿದೆ. ಅಕ್ಕಪಕ್ಕದವರ ಹತ್ತಿರ ಹೇಳಿಕೊಂಡರೆ "ಅಯ್ಯೋ ಪಾಪ" ಅನ್ನುತ್ತಾರೆ, ಒಂದು ಲೋಟ ಕಾಫಿಯನ್ನೂ ಕೊಡುತ್ತಾರೆ. ನಮ್ಮ ಯಜಮಾನರ ಚಟವನ್ನು ಹೇಳಿಕೊಂಡರೆ ಮಾತ್ರ ಜನ ನನ್ನನ್ನೇ ಒಂದು ಥರಾ ನೋಡುತ್ತಾರೆ. ಅವರಿಗಿರುವುದು ಎರಡು ವಿಮಾನ ನಿಲ್ದಾಣಗಳ ನಡುವಿನ ದೂರ ಹುಡುಕುವ ಚಟ. ರಾಜಾಜಿನಗರದ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಅಳತೆ ಪರೀಕ್ಷಿಸುವ ಕೆಲಸ ಮಾಡಿ ನಿವೃತ್ತರಾದವರು ಅವರು. ಬೋಲ್ಟು ನಟ್ಟುಗಳನ್ನು ಅಳೆಯುವ ಯೋಗ ಮುಗಿದ ಮೇಲೆ ಕೈ ಸುಮ್ಮನಿರಬೇಕಲ್ಲ, ಫೋನು ಹಿಡಿದು ಭೂಮಂಡಲವನ್ನು ಅಳೆಯಲು ಶುರು ಮಾಡಿದರು. ಬೆಳಿಗ್ಗೆ ನಾನು ಉಪ್ಪಿಟ್ಟಿಗೆ ಈರುಳ್ಳಿ ಹೆಚ್ಚುತ್ತಿದ್ದರೆ ಅಡುಗೆಮನೆ ಬಾಗಿಲಲ್ಲಿ ಬಂದು ನಿಲ್ಲುತ್ತಾರೆ. "ಲೇ ಸಾವಿತ್ರಿ, ಕೊಚ್ಚಿಯಿಂದ ಗುವಾಹಟಿಗೆ ವಿಮಾನದಲ್ಲಿ ಎಷ್ಟೊತ್ತು ಹೇಳು ನೋಡೋಣ?" ನನಗೆ ಕೊಚ್ಚಿಯಲ್ಲಿ ಯಾರೂ ಇಲ್ಲ. ಗುವಾಹಟಿಯಲ್ಲಿ ಮೊದಲೇ ಇಲ್ಲ. ಆದರೂ ಸುಮ್ಮನಿದ್ದರೆ ಅವರು ಬಿಡುವುದಿಲ್ಲ, ಏನಾದರೊಂದು ಹೇಳಲೇಬೇಕು. ಹೇಳಿದ್ದು ತಪ್ಪಾಗಿದ್ದರೆ ಅವರಿಗೆ ಆ ಇಡೀ ದಿನ ಹಬ್ಬ. ಇಷ್ಟು ತಿಳಿದ ಈ ಮನುಷ್ಯ ಮೊನ್ನೆಮೊನ್ನೆಯವರೆಗೆ ವಿಮಾನ ಹತ್ತಿದ್ದು ಒಂದೇ ಸಲ, ಅದೂ ಕಾರ್ಖಾನೆಯವರು ಟಿಕೆಟ್ ಕೊಟ್ಟಿದ್ದಕ್ಕೆ. ಚಂದ್ರಾ ಲೇಔಟಿನಿಂದ ವಿಜಯನಗರದ ತರಕಾರಿ ಮಾರ್ಕೆಟ್ಟಿಗೆ ಹೋಗಿ ಬಾ ಅಂದರೆ "ತುಂಬ ದೂರ ಕಣೇ" ಅನ್ನುವವರೂ ಇವರೇ.

ಹೀಗೆ ಯಾರಿಗೂ ಬೇಡದೆ ಬಿದ್ದಿದ್ದ ಈ ವಿದ್ಯೆಗೆ ಹೋದ ಶ್ರಾವಣದಲ್ಲಿ ಬೆಲೆ ಬಂದುಬಿಟ್ಟಿತು. ನನ್ನ ತಮ್ಮ ಪ್ರಕಾಶ ಕೆಲಸದ ಮೇಲೆ ಹುಬ್ಬಳ್ಳಿಗೆ ಹೋಗಿ, ಅಲ್ಲಿಯ ಹುಡುಗಿಯನ್ನೇ ಮದುವೆಯಾಗಿ, ಅಲ್ಲೇ ನೆಲೆ ನಿಂತವನು. ನಲವತ್ತು ಹತ್ತಿರ ಬಂದ ಮೇಲೆ ಅವನಿಗೊಂದು ಹೆಣ್ಣುಮಗುವಾಯಿತು. ನಾಮಕರಣ ಅವನ ಅತ್ತೆಮನೆಯಲ್ಲಿ, ಅವರ ಪದ್ಧತಿಯಂತೆ. ನಮ್ಮ ಕಡೆ ನಾಮಕರಣವೆಂದರೆ ಅಪ್ಪ ತಟ್ಟೆಯ ಅಕ್ಕಿಯಲ್ಲಿ ಹೆಸರು ಬರೆಯುತ್ತಾನೆ, ಮಿಕ್ಕವರು ಊಟದ ಎಲೆ ಯಾವಾಗ ಹಾಕುತ್ತಾರೆಂದು ನೋಡುತ್ತಿರುತ್ತಾರೆ. ಅವರಲ್ಲಿ ಹಾಗಲ್ಲ. ಅಪ್ಪನ ಅಕ್ಕನೋ ತಂಗಿಯೋ, ಅಂದರೆ ಮಗುವಿನ ಸೋದರತ್ತೆ, ತೊಟ್ಟಿಲ ಮೇಲೆ ಬಗ್ಗಿ ಮಗುವಿನ ಕಿವಿಯಲ್ಲಿ ಕುರ್ರ್ ಎಂದು ಸದ್ದು ಮಾಡಿ ಹೆಸರು ಹೇಳಬೇಕು. ಅವಳು ಹೇಳಿದ ಮೇಲೇ ಅದು ಹೆಸರು. ಅವಳು ತಂದ ಬಟ್ಟೆ ತೊಡಿಸಿಯೇ ಮಗುವನ್ನು ತೊಟ್ಟಿಲಿಗೆ ಹಾಕಬೇಕು. ಹೇಳಿ ಮುಗಿಸಿದ ಕೂಡಲೇ ಸುತ್ತ ನಿಂತ ಹೆಂಗಸರೆಲ್ಲ ಅವಳ ಬೆನ್ನಿಗೆ ಗುದ್ದುತ್ತಾರೆ. ಯಾಕೆ ಗುದ್ದುತ್ತಾರೆಂದು ನಾನು ಕೇಳಲಿಲ್ಲ. ಗಂಡನ ಕಡೆಯವಳು ಕೈಗೆ ಸಿಕ್ಕಾಗ ಗುದ್ದಲು ಹೆಂಗಸರಿಗೆ ಕಾರಣ ಬೇಕಾಗುವುದಿಲ್ಲ. "ಅಕ್ಕ, ಬೆನ್ನು ಗಟ್ಟಿ ಮಾಡ್ಕೊಂಡು ಬಾ, ಇಲ್ಲಿಯವರದ್ದು ರೊಟ್ಟಿ ಬಡಿಯೋ ಕೈ" ಎಂದು ಪ್ರಕಾಶ ಮೊದಲೇ ಎಚ್ಚರಿಸಿದ್ದ. ನಿಜ ಹೇಳಬೇಕೆಂದರೆ ನನಗೆ ಜಂಬ ತಲೆಗೇರಿತ್ತು. ಐವತ್ತೆರಡು ವರ್ಷ ವಯಸ್ಸಾದರೂ ನಾನಿಲ್ಲದೆ ಯಾವ ಕಾರ್ಯವೂ ನಿಂತದ್ದಿಲ್ಲ. ಹುಬ್ಬಳ್ಳಿಯಲ್ಲಿ ಒಂದು ತೊಟ್ಟಿಲು ನನಗಾಗಿ ಕಾಯುತ್ತಿದೆ ಅನ್ನುವುದನ್ನು ನಮ್ಮ ಬೀದಿಯ ಹಾಲಿನವನಿಗೂ ಹೇಳಿದ್ದೆ.

ಜಂಬವಷ್ಟೇ ಆಗಿದ್ದರೆ ನಾನು ಇಷ್ಟು ಒದ್ದಾಡುತ್ತಿರಲಿಲ್ಲ. ನನ್ನ ಮನಸ್ಸಿನಲ್ಲಿ ಒಂದು ಗುಟ್ಟಿತ್ತು. ಮಗುವಿಗೆ ಪ್ರಕಾಶನ ಹೆಂಡತಿ ಪೂರ್ಣಿಮಾ ಆರಿಸಿದ್ದ ಹೆಸರು ವಿಯಾನಾ. ಕೇಳಿದಾಗ ನನಗದು ಯಾವುದೋ ದೇಶದ ವಿಮಾನ ನಿಲ್ದಾಣದ ಹೆಸರಿನಂತೆ ಕೇಳಿಸಿತು. ಯಜಮಾನರಂತೂ ತಕ್ಷಣ ಫೋನು ತೆಗೆದು ಅಲ್ಲಿಗೆ ಎಷ್ಟು ಹೊತ್ತೆಂದು ನೋಡಲು ಹೊರಟಿದ್ದರು. ಇರಲಿ, ಹೆತ್ತವಳ ಇಷ್ಟ. ಆದರೆ ನಮ್ಮವ್ವನ ಹೆಸರು ಪುಟ್ಟತಾಯಿ. ಪ್ರಕಾಶನಿಗೆ ಮದುವೆಯಾಗಲಿಲ್ಲವಲ್ಲಾ ಎಂದು ಕೊರಗಿ ಕೊರಗಿ, ಅವನ ಮದುವೆಗೆ ಎರಡು ವರ್ಷ ಮುಂಚೆ ತೀರಿಕೊಂಡಳು. ಆಸ್ಪತ್ರೆಯ ಮಂಚದಲ್ಲಿ ಮಲಗಿ "ಅವನ ಮಗೀನ ಎತ್ಕೊಳ್ಳೋ ಪುಣ್ಯ ನಂಗಿಲ್ಲ ಕಣೇ, ನೀನೇ ಎತ್ಕೋ" ಅಂದಿದ್ದಳು. ಹಾಗಾಗಿ ವಿಯಾನಾ ಅನ್ನುವ ಮುಂಚೆ ಒಂದು ಸಲ, ಯಾರಿಗೂ ಕೇಳದ ಹಾಗೆ, ಆ ಕಿವಿಯಲ್ಲಿ ಪುಟ್ಟತಾಯಿ ಅಂದುಬಿಡಬೇಕು ಎಂದು ನಿಶ್ಚಯಿಸಿದ್ದೆ. ದಾಖಲೆಯಲ್ಲಿ ಏನಾದರೂ ಬರೆದುಕೊಳ್ಳಲಿ, ಮೊದಲು ಕಿವಿಗೆ ಬಿದ್ದದ್ದು ಅವ್ವನ ಹೆಸರಾಗಿರಬೇಕು. ಈ ಕೆಲಸವನ್ನು ನನ್ನ ಬದಲು ಇನ್ನೊಬ್ಬರು ಮಾಡುವ ಹಾಗಿರಲಿಲ್ಲ. ಆ ಇನ್ನೊಬ್ಬಳು ಯಾರೆಂದರೆ ಕುರುಬರಹಳ್ಳಿಯ ಸುಶೀಲ, ನಮ್ಮ ಚಿಕ್ಕಪ್ಪನ ಮಗಳು. ಸಂಬಂಧದಲ್ಲಿ ಅವಳೂ ಸೋದರತ್ತೆಯೇ. ನಾನು ಸಮಯಕ್ಕೆ ಬರದಿದ್ದರೆ ತೊಟ್ಟಿಲ ಹತ್ತಿರ ಬಗ್ಗುವವಳು ಅವಳೇ. "ವಿಯಾನಾ ಎಷ್ಟು ಸ್ಟೈಲಾಗಿದೆ ಅಲ್ವಾ" ಅಂದವಳೂ ಅವಳೇ.

ಶನಿವಾರದ ಶಾಸ್ತ್ರಕ್ಕೆ ಸುಶೀಲ ಶುಕ್ರವಾರವೇ ಬಸ್ಸಿಗೆ ಹೊರಟಳು. "ಜೊತೆಗೆ ಬಾರೇ, ಮಾತಾಡ್ಕೊಂಡು ಹೋಗಬಹುದು" ಎಂದು ಕರೆದಳು ಕೂಡ. ನಾನು ನಕ್ಕುಬಿಟ್ಟೆ. ನಮ್ಮ ಯಜಮಾನರು ಆಗಲೇ ಫೋನಿನಲ್ಲಿ ಹುಬ್ಬಳ್ಳಿಯನ್ನು ಹುಡುಕಿ ಇಟ್ಟಿದ್ದರು. ವಿಮಾನ ನಿಲ್ದಾಣದಿಂದ ವಿಮಾನ ನಿಲ್ದಾಣಕ್ಕೆ ನೇರ ಗೆರೆಯಲ್ಲಿ ಮುನ್ನೂರೆಪ್ಪತ್ತು ಕಿಲೋಮೀಟರಿನ ಆಸುಪಾಸು, ಹಾರಾಟದ ಅವಧಿ ಒಂದು ಗಂಟೆ. "ಒಂದೇ ಗಂಟೆ ಕಣೇ! ನೀನು ಕುಕ್ಕರಲ್ಲಿ ಬೇಳೆ ಇಟ್ಟು, ಅದು ಕೂಗಿ, ಒಗ್ಗರಣೆ ಹಾಕೋ ಹೊತ್ತಿಗೆ ಹುಬ್ಬಳ್ಳಿ!" ನಾನೂ ಅದೇ ಮಾತನ್ನು ಸುಶೀಲನಿಗೆ ಒಪ್ಪಿಸಿದೆ. "ರಾತ್ರಿಯೆಲ್ಲ ಬಸ್ಸಲ್ಲಿ ಕೈಕಾಲು ಮುದುರ್ಕೊಂಡು ಯಾಕೆ ಸಾಯ್ತೀಯೆ? ನಾವು ಶನಿವಾರ ಮಧ್ಯಾಹ್ನ ಹಾರಿ ಬರ್ತೀವಿ." ಹಾರಿ ಬರ್ತೀವಿ ಅನ್ನುವಾಗ ಕತ್ತು ಸ್ವಲ್ಪ ಎತ್ತಿದ್ದೆನೆಂದು ಈಗ ನೆನಪಾಗುತ್ತದೆ. ತೊಟ್ಟಿಲ ಶಾಸ್ತ್ರ ಸಂಜೆ ಐದರ ಮೇಲೆ, ವಿಮಾನ ಮಧ್ಯಾಹ್ನ ಒಂದೂ ಕಾಲಿಗೆ. ಎರಡೂ ಕಾಲಿಗೆ ಹುಬ್ಬಳ್ಳಿ. ಸ್ನಾನ ಮಾಡಿ, ರೇಷ್ಮೆ ಸೀರೆ ಉಟ್ಟು, ಬೇಕಾದರೆ ಒಂದು ನಿದ್ದೆ ತೆಗೆದು ತೊಟ್ಟಿಲ ಹತ್ತಿರ ಹೋಗಬಹುದು. ಈ ಲೆಕ್ಕದಲ್ಲಿದ್ದ ಸಣ್ಣ ದೋಷ ಏನೆಂದರೆ ನಮ್ಮಿಬ್ಬರಲ್ಲಿ ಯಾರೂ ವಿಮಾನ ನಿಲ್ದಾಣದಲ್ಲಿ ವಾಸ ಮಾಡುತ್ತಿರಲಿಲ್ಲ. ನಮ್ಮ ಮನೆ ಇರುವುದು ಊರಿನ ಪಶ್ಚಿಮಕ್ಕೆ, ನಿಲ್ದಾಣ ಇರುವುದು ಈಶಾನ್ಯಕ್ಕೆ, ನಡುವೆ ಇರುವುದು ಬೆಂಗಳೂರು. ಅದಕ್ಕೆ ಯಜಮಾನರು ಎರಡು ಗಂಟೆ ಹಾಕಿದರು, ಅಲ್ಲಿ ಸಾಲಿನಲ್ಲಿ ನಿಲ್ಲಲು ಎರಡು ಗಂಟೆ ಹಾಕಿದರು. ಒಂದು ಗಂಟೆ ಹಾರುವುದಕ್ಕೆ ನಾಲ್ಕು ಗಂಟೆ ಮುಂಚೆ, ಒಂಬತ್ತೂ ಕಾಲಿಗೆ, ಮನೆ ಬಿಡಬೇಕೆಂದು ತೀರ್ಮಾನವಾಯಿತು.

ಶನಿವಾರ ಒಂಬತ್ತರಿಂದ ಹತ್ತೂವರೆ ರಾಹುಕಾಲ. ಇದನ್ನು ಕ್ಯಾಲೆಂಡರ್ ನೋಡದೆ ಹೇಳಬಲ್ಲೆ, ನನಗೂ ಒಂದಿಷ್ಟು ವಿದ್ಯೆ ಇದೆ. ಇವರು ನಕ್ಕರು. "ಪೈಲಟ್ಟು ರಾಹುಕಾಲ ನೋಡಿ ಹಾರಿಸ್ತಾನೇನೆ?" ಎಂದರು. ಪೈಲಟ್ಟು ಹೇಗಾದರೂ ಹಾರಿಸಿಕೊಳ್ಳಲಿ, ಮೊದಲ ಸಲ ಮಗುವಿನ ಮುಖ ನೋಡಲು ಹೊರಟವಳು ನಾನು, ರಾಹುಕಾಲದಲ್ಲಿ ಹೊಸಿಲು ದಾಟುವುದುಂಟೇ? ಇದಕ್ಕೆ ನಮ್ಮತ್ತೆಯವರ ಕಾಲದಿಂದ ಬಂದ ಒಂದು ಉಪಾಯವಿದೆ. ಪ್ರಸ್ಥಾನ ಇಡುವುದು ಅನ್ನುತ್ತಿದ್ದರು. ಕೆಟ್ಟ ಗಳಿಗೆ ಶುರುವಾಗುವ ಮುಂಚೆಯೇ ಪ್ರಯಾಣದ ಒಂದು ಗಂಟನ್ನು ಬೇರೆಯವರ ಮನೆಯಲ್ಲಿ ಇಟ್ಟುಬಿಟ್ಟರೆ ನಾವು ಆಗಲೇ ಹೊರಟಂತೆ ಲೆಕ್ಕ. ಆಮೇಲೆ ಯಾವಾಗ ಬೇಕಾದರೂ ಹೋಗಿ ಗಂಟು ಎತ್ತಿಕೊಂಡು ಮುಂದೆ ನಡೆದರಾಯಿತು, ರಾಹುವಿಗೆ ಏನೂ ಮಾಡಲಿಕ್ಕಾಗುವುದಿಲ್ಲ. ಎಂಟೂವರೆಗೆ ಬ್ಯಾಗನ್ನು ಎದುರುಮನೆ ಜಯಮ್ಮನವರಲ್ಲಿ ಇಟ್ಟು ಬಂದೆ. ಒಂದೇ ಬ್ಯಾಗು, ಕೈಯಲ್ಲೇ ಹಿಡಿದು ವಿಮಾನ ಹತ್ತುವಂಥದ್ದು. ಅದರಲ್ಲೇ ನನ್ನ ರೇಷ್ಮೆ ಸೀರೆ, ಮಗುವಿನ ಬಟ್ಟೆ, ಬೆಳ್ಳಿ ಉಡಿದಾರ, ಕಾಲ್ಗೆಜ್ಜೆ, ಎಲ್ಲವೂ. ಜಯಮ್ಮ ಅದನ್ನು ಕಿಟಕಿ ಪಕ್ಕದ ದಿವಾನದ ಮೇಲಿಟ್ಟು "ಒಳ್ಳೇ ಕೆಲ್ಸ ಮಾಡಿದ್ರಿ ಸಾವಿತ್ರಮ್ಮ, ಈಗಿನೋರಿಗೆ ಇದೆಲ್ಲ ಎಲ್ಲಿ ಗೊತ್ತು" ಎಂದು ಮೆಚ್ಚಿಕೊಂಡರು. ನಾನು ಹೆಮ್ಮೆಯಿಂದ ರಸ್ತೆ ದಾಟಿ ಬಂದು, ಶಾಸ್ತ್ರದ ಪ್ರಕಾರ ಆಗಲೇ ಹುಬ್ಬಳ್ಳಿ ದಾರಿಯಲ್ಲಿದ್ದವಳು, ನಮ್ಮ ಅಡುಗೆಮನೆಯಲ್ಲಿ ಕೂತು ನಾಲ್ಕು ಇಡ್ಲಿ ತಿಂದೆ.

ಒಂಬತ್ತೂ ಕಾಲಿಗೆ ಕ್ಯಾಬ್ ಬಂದು ನಿಂತಿತು. ಮನೆಗೆ ಬೀಗ ಹಾಕಿ, ಬ್ಯಾಗು ತರಲು ರಸ್ತೆ ದಾಟಿದೆ. ಜಯಮ್ಮನವರ ಮನೆಗೂ ಬೀಗ. ಅಂಗಡಿಗೆ ಹೋಗಿರಬಹುದೆಂದು ಫೋನು ಮಾಡಿದೆ. ಒಳಗಡೆ, ದಿವಾನದ ಮೇಲೆ, ನನ್ನ ಬ್ಯಾಗಿನ ಪಕ್ಕದಲ್ಲೇ ಅವರ ಫೋನು ಭಕ್ತಿಗೀತೆ ಹಾಡತೊಡಗಿತು. ಕಿಟಕಿಯ ಸರಳಿನ ಮಧ್ಯೆ ಕೈ ತೂರಿಸಿ ನೋಡಿದೆ. ಬ್ಯಾಗಿನ ಹಿಡಿಕೆಗೂ ನನ್ನ ಬೆರಳಿಗೂ ಒಂದು ಗೇಣು ಉಳಿಯಿತು. ಯಜಮಾನರು ಬಂದು ಅವರ ಕೈಯನ್ನೂ ತೂರಿಸಿ ನೋಡಿದರು, ಅವರದ್ದು ನನಗಿಂತ ದಪ್ಪ, ಮೊಣಕೈಗೇ ನಿಂತಿತು. ಎಳೆದುಕೊಳ್ಳುವಾಗ ಚರ್ಮ ತರಚಿತು. "ಕೋಲು ತರ್ಲಾ?" ಅಂದರು. ತಂದರೂ ಪ್ರಯೋಜನವಿರಲಿಲ್ಲ, ಇಡೀ ಬ್ಯಾಗು ಸರಳಿನ ಸಂದಿಯಲ್ಲಿ ಬರುವುದಿಲ್ಲವಲ್ಲ. "ಬಿಟ್ಟು ಹೋಗೋಣ್ವಾ? ಟಿಕೆಟ್ಟು, ಆಧಾರ್ ಎಲ್ಲಾ ಫೋನಲ್ಲೇ ಇದೆ" ಎಂದರು. ಸೀರೆ ಫೋನಲ್ಲಿದೆಯಾ, ಉಡಿದಾರ ಫೋನಲ್ಲಿದೆಯಾ ಎಂದು ಕೇಳಿದೆ. ಮೊದಲ ಸಲ ಬರುವ ಸೋದರತ್ತೆ ಬರಿಗೈಯಲ್ಲಿ ಹೋಗಿ ನಿಂತರೆ ಹುಬ್ಬಳ್ಳಿಯವರು ಬೆನ್ನಿಗೆ ಗುದ್ದುವುದಿರಲಿ, ಮುಖವನ್ನೇ ನೋಡುವುದಿಲ್ಲ. ಕ್ಯಾಬಿನವನು ಒಂದು ಸಲ ಹಾರನ್ ಬಾರಿಸಿದ, ಎರಡನೇ ಸಲ ಬಾರಿಸಿದ, ಆಮೇಲೆ "ಸಾರ್, ಕ್ಯಾನ್ಸಲ್ ಮಾಡ್ಬಿಡಿ" ಎಂದು ಹೊರಟೇ ಹೋದ.

ಜಯಮ್ಮನವರ ಮಗಳು ಭಾರತಿಯ ನಂಬರು ನನ್ನ ಹತ್ತಿರವಿತ್ತು. ಮಾಡಿದೆ. "ಅಯ್ಯೋ ಆಂಟಿ, ಅಮ್ಮ ಇಲ್ಲೇ ಕೆಂಗೇರಿಲಿ ನಮ್ಮನೇಲಿದಾರೆ. ಶ್ರಾವಣ ಶನಿವಾರ ಅಲ್ವಾ, ಹರಿಸೇವೆ ಇಟ್ಕೊಂಡಿದೀವಿ. ಕೊಡ್ತೀನಿ ಇರಿ." ಜಯಮ್ಮನವರು ಫೋನಿಗೆ ಬಂದು, ವಿಷಯ ಕೇಳಿ, ಹಣೆ ಚಚ್ಚಿಕೊಂಡ ಸದ್ದು ನನಗೆ ಇಲ್ಲಿಗೇ ಕೇಳಿಸಿತು. ಒಂಬತ್ತಕ್ಕೆ ರಾಹುಕಾಲ ಶುರುವಾಗುತ್ತಲ್ಲ ಎಂದು ಅವಸರದಲ್ಲಿ ಎಂಟೂಮುಕ್ಕಾಲಿಗೇ ಮೆಟ್ರೋಗೆ ಓಡಿಬಿಟ್ಟಿದ್ದರಂತೆ. ಆ ಅವಸರದಲ್ಲಿ ನನ್ನ ಬ್ಯಾಗೂ ಮರೆತಿತ್ತು, ಅವರ ಫೋನೂ ಮರೆತಿತ್ತು. "ಈಗಲೇ ಹೊರಟು ಬನ್ನಿ ಜಯಮ್ಮಾರೇ, ನಿಮ್ಮ ದಮ್ಮಯ್ಯ" ಎಂದೆ. "ಈಗ ಹೆಂಗ್ರೀ ಹೊರಡ್ಲಿ? ರಾಹುಕಾಲ. ನಿಮ್ಗೇ ಗೊತ್ತಲ್ಲ. ಅದೂ ನಿಮ್ಮನೆ ಶುಭಕಾರ್ಯ, ನನ್ನಿಂದ ಏನಾದ್ರೂ ಹೆಚ್ಚುಕಮ್ಮಿ ಆದ್ರೆ?" ಏನೂ ಆಗುವುದಿಲ್ಲ, ರಾಹುಕಾಲ ಗೀಹುಕಾಲ ಎಲ್ಲ ನಮ್ಮ ಮನಸ್ಸಿನಲ್ಲಿರುವುದು ಎಂದು ನಾನು ಹೇಳಿದೆ. ಹೌದು, ನಾನೇ ಹೇಳಿದೆ. ಪಕ್ಕದಲ್ಲಿದ್ದ ಯಜಮಾನರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಜಯಮ್ಮ ಜಗ್ಗಲಿಲ್ಲ. ಹಾಗಾದರೆ ಬೀಗದ ಕೈಯನ್ನಾದರೂ ಅಳಿಯನ ಕೈಯಲ್ಲಿ ಕಳಿಸಿ ಅಂದೆ. "ಶನಿವಾರ ಕಬ್ಬಿಣ ಕೈಯಿಂದ ಕೈಗೆ ಕೊಡ್ತಾರೇನ್ರೀ? ಹೋದ ತಿಂಗ್ಳು ಶನಿವಾರ ನಿಮ್ಮನೆಗೆ ಈಳಿಗೆ ಮಣೆ ಕೇಳಕ್ಕೆ ಬಂದಾಗ ನೀವೇ ಹೇಳಿದ್ರಲ್ಲ." ಹೇಳಿದ್ದೆ. ಅವತ್ತು ಕೊಡಲು ಮನಸ್ಸಿರಲಿಲ್ಲ, ಹೊಸ ಈಳಿಗೆ, ಅದಕ್ಕೇ ಶನಿವಾರವನ್ನು ಮುಂದೆ ಮಾಡಿದ್ದೆ. ಅದು ಹೀಗೆ ವಾಪಸ್ಸು ಬರುತ್ತದೆಂದು ಯಾರಿಗೆ ಗೊತ್ತಿತ್ತು?

ಕೊನೆಗೆ ಒಂದು ಸಂಧಾನವಾಯಿತು. ರಾಹುಕಾಲ ಮುಗಿದ ಮರುಕ್ಷಣ ಜಯಮ್ಮ ಬೀಗದ ಕೈಯನ್ನು ನೆಲದ ಮೇಲಿಡುವುದು, ಅಳಿಯ ಅದನ್ನು ತಾನಾಗಿ ಎತ್ತಿಕೊಂಡು ಸ್ಕೂಟರಿನಲ್ಲಿ ಬರುವುದು. ಅಲ್ಲಿಯವರೆಗೆ ನಾವಿಬ್ಬರೂ ಅವರ ಮನೆಯ ಮೆಟ್ಟಿಲ ಮೇಲೆ ಕೂತೆವು. ನಮ್ಮ ಮನೆಯ ಬೀಗ ತೆಗೆದು ಒಳಗೆ ಕೂರಬಹುದಿತ್ತು, ಆದರೆ ಹೊರಟವರು ಮತ್ತೆ ಮನೆ ಹೊಕ್ಕರೆ ಅಪಶಕುನ. ಇದನ್ನು ಹೇಳಿದಾಗ ಯಜಮಾನರು ತರಚಿದ ಮೊಣಕೈಯನ್ನು ಊದಿಕೊಂಡರು. ಅಷ್ಟರಲ್ಲಿ ಸುಶೀಲನ ಫೋಟೋಗಳು ಬರತೊಡಗಿದವು. ಸುಶೀಲ ಮಿರ್ಚಿ ತಿನ್ನುತ್ತಿರುವುದು. ಸುಶೀಲ ಹೊಸ ಸೀರೆಯಲ್ಲಿ ತೊಟ್ಟಿಲಿಗೆ ಹೂವು ಕಟ್ಟುತ್ತಿರುವುದು. ಸುಶೀಲನ ತೊಡೆಯ ಮೇಲೆ ಮಗು. ಆ ಫೋಟೋವನ್ನು ದೊಡ್ಡದು ಮಾಡಿ ನೋಡಿದೆ. ಹಣೆ, ಗಲ್ಲ, ಮೂಗಿನ ತುದಿ ಎಲ್ಲ ನಮ್ಮವ್ವನದೇ. ಕೆಳಗೆ ಬರೆದಿದ್ದಳು: "ಎಲ್ಲಿದೀಯೇ, ಹಾರ್ತಾ ಇದೀಯಾ?" ನಾನು ಜಯಮ್ಮನವರ ಮೆಟ್ಟಿಲ ಮೇಲಿದ್ದೆ. ನಮ್ಮ ಮನೆಯಿಂದ ಹದಿನೈದು ಹೆಜ್ಜೆ ಮುಂದೆ.

ಅಳಿಯ ಮೈಸೂರು ರಸ್ತೆಯ ಗದ್ದಲ ದಾಟಿ ಬಂದಾಗ ಹನ್ನೊಂದಾಗಿತ್ತು. ಪಾಪ, ಒಳ್ಳೆಯ ಹುಡುಗ. ಬೀಗದ ಕೈಯನ್ನು ನನ್ನ ಕೈಗೆ ಕೊಡದೆ ಕಾಂಪೌಂಡ್ ಗೋಡೆಯ ಮೇಲಿಟ್ಟು "ತಗೊಳ್ಳಿ ಆಂಟಿ, ಅತ್ತೆ ಹೀಗೇ ಮಾಡು ಅಂದ್ರು" ಎಂದ. ಬ್ಯಾಗು ಬಿಡುಗಡೆಯಾಯಿತು. ರಾಹುಕಾಲ ಮುಗಿದು ಅರ್ಧ ಗಂಟೆಯಾಗಿದ್ದರಿಂದ, ಪ್ರಸ್ಥಾನ ಇಡದೆ ಬ್ಯಾಗು ಮನೆಯಲ್ಲೇ ಇದ್ದಿದ್ದರೂ ನಾವು ಈಗ ಶುಭ ಗಳಿಗೆಯಲ್ಲೇ ಹೊರಡಬಹುದಿತ್ತು ಎಂಬ ಸತ್ಯವನ್ನು ಯಜಮಾನರು ಕ್ಯಾಬು ಬರುವವರೆಗೆ ಮೂರು ಸಲ ಹೇಳಿದರು. ಕೊನೆಗೂ ಹೊರಟೆವು. ಮಹಾಲಕ್ಷ್ಮಿ ಲೇಔಟಿನ ಹತ್ತಿರ ಒಂದು ಸಿಗ್ನಲ್ಲಿನಲ್ಲಿ ನಾವು ನಿಂತೆವು, ಸಿಗ್ನಲ್ಲು ಹಸಿರಾಯಿತು, ಕೆಂಪಾಯಿತು, ಮತ್ತೆ ಹಸಿರಾಯಿತು, ನಾವು ಅಲ್ಲೇ ಇದ್ದೆವು. ಅವರು ಫೋನು ತೆಗೆದು ನೋಡಿ "ಇಷ್ಟೊತ್ತಿಗೆ ದೆಹಲಿ ವಿಮಾನ ಅರ್ಧ ದಾರಿ ಹೋಗಿರುತ್ತೆ" ಎಂದರು. ನಾನು ಆ ಫೋನನ್ನು ಕಿತ್ತುಕೊಂಡು ನನ್ನ ವ್ಯಾನಿಟಿ ಬ್ಯಾಗಿಗೆ ಹಾಕಿಕೊಂಡೆ. ನಿಲ್ದಾಣ ತಲುಪಿದಾಗ ಒಂದು ಗಂಟೆ ಹೊಡೆಯುತ್ತಿತ್ತು. ಓಡಿದೆವು. ಈ ವಯಸ್ಸಿನಲ್ಲಿ, ಈ ಮೊಣಕಾಲಿನಲ್ಲಿ, ಅಷ್ಟುದ್ದದ ಗಾಜಿನ ಮನೆಯಲ್ಲಿ ಓಡಿದೆವು. ಬಾಗಿಲು ಮುಚ್ಚಿರಬೇಕಿತ್ತು, ಮುಚ್ಚಿರಲಿಲ್ಲ. ಯಾಕೆಂದರೆ ವಿಮಾನವೇ ಬಂದಿರಲಿಲ್ಲ. ಮಧ್ಯಾಹ್ನ ಎರಡರ ಮೇಲೆ ಹೊರಡುತ್ತದಂತೆ. ನಾನು ಕೈಮುಗಿದೆ. "ನೋಡಿದ್ರಾ, ಪ್ರಸ್ಥಾನ ಇಟ್ಟಿದ್ದಕ್ಕೆ ವಿಮಾನವೇ ನಮಗೆ ಕಾಯ್ತಿದೆ" ಅಂದೆ. ಅವರು ಏದುಸಿರು ಬಿಡುತ್ತಾ ಹತ್ತಿರದ ಕುರ್ಚಿಯಲ್ಲಿ ಕುಕ್ಕರಿಸಿದರು.

ವಿಮಾನ ಹಾರಿತು. ನಿಜಕ್ಕೂ ಒಂದೇ ಗಂಟೆ, ಅದರಲ್ಲಿ ಒಂದು ನಿಮಿಷದ ಮೋಸವಿಲ್ಲ. ಹಾರಿದ ಒಂದು ಗಂಟೆಗೆ ಸರಿಯಾಗಿ ನಾವು ಹುಬ್ಬಳ್ಳಿಯ ಮೇಲಿದ್ದೆವು. ಕಿಟಕಿಯಾಚೆ ಹತ್ತಿಯ ಮೂಟೆ ಒಡೆದ ಹಾಗೆ ಮೋಡ, ಬರೀ ಮೋಡ. ಪೈಲಟ್ಟು ಏನೋ ಹೇಳಿದ. ಕೆಳಗೆ ಮಳೆ, ರನ್‌ವೇ ಕಾಣುತ್ತಿಲ್ಲ, ಸ್ವಲ್ಪ ಸುತ್ತು ಹೊಡೆಯುತ್ತೇವೆ ಎಂದು ಯಜಮಾನರು ಬಿಡಿಸಿ ಹೇಳಿದರು. ಒಂದು ಸುತ್ತು, ಎರಡು ಸುತ್ತು. ನನ್ನ ಕಾಲ ಕೆಳಗೇ ಎಲ್ಲೋ ತೊಟ್ಟಿಲಿದೆ, ಮಗುವಿದೆ, ಸುಶೀಲ ಇದ್ದಾಳೆ. ಇಳಿಸಿಬಿಡಪ್ಪಾ, ಒಂದು ಹಗ್ಗವಾದರೂ ಇಳಿಬಿಡು ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಪೈಲಟ್ಟು ಮತ್ತೊಮ್ಮೆ ಮಾತಾಡಿದ. ಈ ಸಲ ಯಜಮಾನರು ಬಿಡಿಸಿ ಹೇಳಲಿಲ್ಲ. ನನ್ನ ಕೈ ಹಿಡಿದುಕೊಂಡರು. ವಿಮಾನ ಬೆಂಗಳೂರಿಗೆ ತಿರುಗಿತ್ತು. ನನಗೆ ಅಳು ಬಂತು. ಮೂಗು ಸೊರಸೊರ ಅನ್ನಿಸಿಕೊಂಡು, ಪಕ್ಕದ ಸೀಟಿನವರು ನೋಡುತ್ತಿದ್ದರೂ ನಾಚಿಕೆಯಿಲ್ಲದೆ ಅತ್ತೆ. "ಅವ್ವ ಒಂದೇ ಒಂದು ಕೇಳಿದ್ದು ರೀ" ಅಂದೆ. ಅವರಿಗೆ ಆವರೆಗೆ ನನ್ನ ಗುಟ್ಟು ಗೊತ್ತಿರಲಿಲ್ಲ, ಆಗ ಎಲ್ಲವನ್ನೂ ಹೇಳಿದೆ. ಅವರು ಎಲ್ಲ ಕೇಳಿ "ನಾವು ಹೋಗ್ತಾನೂ ಒಂದೇ ಗಂಟೆ, ಬರ್ತಾನೂ ಒಂದೇ ಗಂಟೆ ಕಣೇ" ಎಂದರು. ಸಮಾಧಾನ ಮಾಡಲು ಅವರಿಗೆ ತಿಳಿದಿರುವುದು ಅದೊಂದೇ ಭಾಷೆ.

ಬೆಂಗಳೂರಿನಲ್ಲಿ ಇಳಿದು ಫೋನು ಆನ್ ಮಾಡಿದ ಕೂಡಲೇ ಅದು ಬಡಿದುಕೊಂಡಿತು. ಪ್ರಕಾಶ. "ಎಲ್ಲಿದೀಯಕ್ಕ? ಇಲ್ಲೆಲ್ಲಾ ಕಾಯ್ತಿದಾರೆ." ನಾನು ಬಿಕ್ಕುತ್ತಲೇ ಹೇಳಿದೆ. ಸುಶೀಲನೇ ಹೇಳಲಿ ಬಿಡು, ಮಗುವನ್ನು ಕಾಯಿಸಬೇಡಿ ಅಂದೆ. ಹಿಂದುಗಡೆಯಿಂದ ಅವನ ಅತ್ತೆಯವರ ದನಿ ಕೇಳಿಸಿತು. "ಅಕ್ಕಾರ ಬರಲಾರದ ಹೆಂಗ್ರೀ? ಹೊತ್ತು ಆಗಾಕತ್ತೈತಿ." ಪ್ರಕಾಶ ಗಟ್ಟಿಯಾಗಿ ಹೇಳಿದ. "ಇಲ್ರೀ, ನಮ್ಮಕ್ಕನೇ ಹೇಳ್ಬೇಕು. ನನ್ನ ಎತ್ತಿ ಸಾಕಿದವಳು ಅವಳು. ಬೇರೆ ಯಾರೂ ಹೇಳೋದು ಬೇಡ." ಆಮೇಲೆ ನನಗೆ, "ಅಕ್ಕ, ಬಟ್ಟೆ ಸುಶೀಲ ತಂದಿದ್ದನ್ನೇ ತೊಡಿಸಿದೀವಿ, ಫೋನು ಮಗು ಕಿವಿ ಹತ್ರ ಇಡ್ತಾರೆ, ಹೇಳು" ಅಂದ. ನಾನು ನಿಲ್ದಾಣದ ಕಂಬವೊಂದರ ಮರೆಗೆ ಹೋಗಿ, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು, ಕುರ್ರ್ ಎಂದು, ಗುಟ್ಟಾಗಿ "ಪುಟ್ಟತಾಯೀ" ಅಂದೆ. ಹುಬ್ಬಳ್ಳಿಯಲ್ಲಿ ಫೋನನ್ನು ಸ್ಪೀಕರಿಗೆ ಹಾಕಿಟ್ಟಿದ್ದರು. ನನ್ನ ಗುಟ್ಟು ಇಡೀ ನೆಂಟರ ಬಳಗಕ್ಕೆ ಕೇಳಿಸಿತ್ತು. "ಯಾರ ಹೆಸರ್ರೀ ಅದು?" ಎಂದು ಅವನ ಅತ್ತೆ ಕೇಳಿದರು. "ನಮ್ಮವ್ವಂದು" ಅಂದ ಪ್ರಕಾಶನ ದನಿ ಒಡೆದಿತ್ತು. ಪೂರ್ಣಿಮಾ ಹೇಳಿದಳು. "ಛಲೋ ಐತ್ರೀ ಅಕ್ಕಾ, ಮನ್ಯಾಗ ಅದ ಕರಿಯೂಣು. ಈಗ ಇನ್ನೊಂದೂ ಹೇಳಿಬಿಡ್ರಿ ಮತ್ತ." ನಾನು ಕಣ್ಣೊರೆಸಿಕೊಂಡು, ಇಡೀ ನಿಲ್ದಾಣ ಕೇಳುವ ಹಾಗೆ ವಿಯಾನಾ ಎಂದೆ. ಮರುಕ್ಷಣ ದಡದಡ ಸದ್ದು, ಅದರ ಹಿಂದೆಯೇ ಸುಶೀಲನ ಚೀರಾಟ. "ಅಯ್ಯಯ್ಯೋ, ಹೇಳಿದ್ದು ಅವಳು ಕಣ್ರೀ! ನಾನು ಫೋನ್ ಹಿಡ್ಕೊಂಡಿದ್ದು ಅಷ್ಟೇ! ನನ್ನ ಬೆನ್ನಿಗ್ಯಾಕ್ರೀ!" ತೊಟ್ಟಿಲ ಮೇಲೆ ಬಗ್ಗಿದ್ದವಳು ಅವಳು, ಕಾದು ಕಾದು ಸಾಕಾಗಿದ್ದ ಆ ಹೆಂಗಸರಿಗೆ ಕೈಗೆ ಸಿಕ್ಕಿದ ಬೆನ್ನೂ ಅವಳದೇ. ರಾತ್ರಿಯೆಲ್ಲ ಬಸ್ಸಿನಲ್ಲಿ ಕೂತು ಸಮಯಕ್ಕೆ ಸರಿಯಾಗಿ ತಲುಪಿದ್ದರ ಫಲ. ನಾನು ಅತ್ತುಕೊಂಡೇ ನಗತೊಡಗಿದೆ. ಅಷ್ಟರಲ್ಲಿ ನನ್ನ ಬೆನ್ನಿಗೂ ದಬಕ್ಕನೆ ಒಂದು ಬಿತ್ತು. ತಿರುಗಿದರೆ ಯಜಮಾನರು. "ಶಾಸ್ತ್ರ ಅಂದ್ಮೇಲೆ ಪೂರ್ತಿ ಆಗ್ಬೇಕಲ್ವೇನೆ" ಎಂದು ಗಂಭೀರವಾಗಿ ಹೇಳಿ ಇನ್ನೊಂದು ಕೊಟ್ಟರು. ಎರಡನೆಯದು ಬೆಳಗಿನ ಮೆಟ್ಟಿಲಿನ ಲೆಕ್ಕದ್ದೆಂದು ನನಗೆ ಚೆನ್ನಾಗಿ ಗೊತ್ತು.

ಮನೆಯ ಮುಂದೆ ಕ್ಯಾಬಿನಿಂದ ಇಳಿದಾಗ ಬೀದಿದೀಪ ಆಗಷ್ಟೇ ಹತ್ತಿತ್ತು. ಅಷ್ಟು ಪಾಡುಪಟ್ಟು ಬಿಡಿಸಿಕೊಂಡ ಬ್ಯಾಗು ಹುಬ್ಬಳ್ಳಿಯ ಆಕಾಶ ನೋಡಿಕೊಂಡು ಅದೇ ಬೀದಿಗೆ ವಾಪಸ್ಸು ಬಂದಿತ್ತು. ಜಯಮ್ಮನವರು ಹರಿಸೇವೆ ಮುಗಿಸಿ ಬಂದು ಗೇಟಿನಲ್ಲಿ ನಿಂತಿದ್ದರು, ಕೈಯಲ್ಲಿ ನಮಗಾಗಿ ತಂದ ಪುಳಿಯೋಗರೆಯ ಡಬ್ಬಿ. ನಮ್ಮನ್ನು ನೋಡಿ ಅವರ ಕಣ್ಣು ಅಗಲವಾಯಿತು. "ಆಗ್ಲೇ ಹೋಗಿ ಬಂದ್ಬಿಟ್ರಾ! ಹೆಸರಿಟ್ಟಿದ್ದೂ ಆಯ್ತಾ?" ಆಯಿತೆಂದು ತಲೆಯಾಡಿಸಿದೆ, ಅದು ಸುಳ್ಳೇನಲ್ಲ. "ಅಬ್ಬಬ್ಬಾ, ವಿಮಾನ ಅಂದ್ರೆ ವಿಮಾನ ಕಣ್ರೀ! ನಾನು ಕೆಂಗೇರಿಗೆ ಹೋಗಿ ಬರೋದ್ರೊಳಗೆ ನೀವು ಹುಬ್ಬಳ್ಳಿ ಮುಗಿಸ್ಕೊಂಡು ಬಂದಿದೀರಿ. ಬೆಳಿಗ್ಗೆ ಅಷ್ಟೆಲ್ಲ ಫಜೀತಿ ಆದ್ರೂ ನೋಡಿ, ಪ್ರಸ್ಥಾನ ಇಟ್ಟಿದ್ದು ಕೈಬಿಡ್ಲಿಲ್ಲ. ಎಷ್ಟೊತ್ತಾಯ್ತು ಸಾವಿತ್ರಮ್ಮ, ವಿಮಾನದಲ್ಲಿ?" ಯಜಮಾನರು ಉತ್ತರ ಕೊಡಲು ಗಂಟಲು ಸರಿಮಾಡಿಕೊಂಡರು. ನಾನು ಅವರ ತರಚಿದ ಮೊಣಕೈಯನ್ನೇ ಸರಿಯಾಗಿ ಚಿವುಟಿ, ಕತ್ತನ್ನು ಬೇಕಾದಷ್ಟು ಎತ್ತಿ, "ಒಂದೇ ಗಂಟೆ ಜಯಮ್ಮಾರೇ" ಎಂದೆ. ಜಯಮ್ಮ ಒಳಗೆ ಹೋದ ಮೇಲೆ ಯಜಮಾನರು ಮರುದಿನ ಸಂಜೆಯ ರೈಲಿಗೆ ಎರಡು ಟಿಕೆಟ್ಟು ಮಾಡಿದರು, ಉಡಿದಾರ ಕೊಟ್ಟು ಮಗುವನ್ನು ಎತ್ತಿಕೊಳ್ಳದೆ ನಾನು ಬಿಡುವವಳಲ್ಲವಲ್ಲ. ಐದು ಗಂಟೆಗೆ ಮನೆ ಬಿಡಬೇಕು ಎಂದರು. ಭಾನುವಾರ ನಾಲ್ಕೂವರೆಯಿಂದ ಆರು ರಾಹುಕಾಲ. ಅವರು ಬಚ್ಚಲಿಗೆ ಹೋಗುವುದನ್ನೇ ಕಾದಿದ್ದು, ಬ್ಯಾಗು ಎತ್ತಿಕೊಂಡು ರಸ್ತೆ ದಾಟಿ, ಎದುರುಮನೆಯ ಬಾಗಿಲು ಮೆಲ್ಲಗೆ ತಟ್ಟಿದೆ. "ಜಯಮ್ಮಾರೇ, ನಾಳೆ ಇಡೀ ದಿನ ನೀವು ಮನೇಲೇ ಇರ್ತೀರಲ್ವಾ?"